ಕಿತ್ತಳೆ, ನಿಂಬೆ ಎಣ್ಣೆಯ ಪ್ರಯೋಗಾಲಯ ವರದಿಯನ್ನು ಓದುವುದು ಹೇಗೆ?

ಮನೆಯಲ್ಲಿ ಸಾಬೂನು ಮಾಡುವವರು, ಸುವಾಸನೆಯ ಮೇಣದಬತ್ತಿ ಹಾಕುವವರು, ಮೈಗೆ ಹಚ್ಚುವ ಎಣ್ಣೆ ಕಲಸಿ ಮಾರುವವರು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ. "ಕಿತ್ತಳೆ ಎಣ್ಣೆ ತರಿಸಿದ್ದೇನೆ, ಜೊತೆಗೆ ಬಂದ ವರದಿಯಲ್ಲಿ ಲಿಮೊನೀನ್ ಶೇ. 95 ಎಂದಿದೆ. ಒಂದೇ ರಾಸಾಯನಿಕ ಇಷ್ಟೊಂದು ತುಂಬಿದ್ದರೆ ಇದು ನಕಲಿಯಲ್ಲವೇ?" ಇನ್ನು ಕೆಲವರ ಅನುಮಾನ ಇದಕ್ಕೆ ತದ್ವಿರುದ್ಧ: "ಲೆಮನ್ ಎಣ್ಣೆಯಲ್ಲಿ ಲಿಮೊನೀನ್ ಶೇ. 64 ಮಾತ್ರ ಇದೆ, ಕಳಪೆ ಮಾಲು ಕೊಟ್ಟುಬಿಟ್ಟರೇ?"

ಎರಡೂ ಆತಂಕಗಳಿಗೆ ಆಧಾರವಿಲ್ಲ. ಸಿಹಿ ಕಿತ್ತಳೆಯ ಸಿಪ್ಪೆಯಿಂದ ತೆಗೆದ ಎಣ್ಣೆಯಲ್ಲಿ ಲಿಮೊನೀನ್ ಸಹಜವಾಗಿಯೇ ಶೇ. 93ರಿಂದ 96ರಷ್ಟಿರುತ್ತದೆ, ಲೆಮನ್ ಎಣ್ಣೆಯಲ್ಲಿ ಶೇ. 60ರಿಂದ 70ರ ನಡುವೆ ಇರುತ್ತದೆ. ಈ ಅಂಕಿಯಿಂದ ಎಣ್ಣೆ ಯಾವ ಹಣ್ಣಿನದು ಎಂಬುದನ್ನು ಸ್ಥೂಲವಾಗಿ ಊಹಿಸಬಹುದು, ಅಷ್ಟೆ. ಪರಿಮಳ, ಬೆಲೆ, ಕಲಬೆರಕೆಯ ಗುರುತು ಇವು ಹೆಚ್ಚಾಗಿ ವರದಿಯ ಕೆಳಭಾಗದಲ್ಲಿ, ಶೇ. 1ಕ್ಕಿಂತ ಕಡಿಮೆ ಎಂದು ನಮೂದಾದ ಸಾಲುಗಳಲ್ಲಿ ಅಡಗಿರುತ್ತವೆ. ಚರ್ಮಕ್ಕೆ ಅಪಾಯ ತರುವ ವಸ್ತುಗಳಂತೂ ಎಷ್ಟೋ ವೇಳೆ ಆ ವರದಿಯಲ್ಲಿ ಕಾಣುವುದೇ ಇಲ್ಲ. ಆದ್ದರಿಂದ ವರದಿಯನ್ನು ಮೇಲಿನಿಂದ ಕೆಳಗೆ ಹೇಗೆ ಓದಬೇಕು, ಅದರಲ್ಲಿ ಇಲ್ಲದ್ದನ್ನು ಹೇಗೆ ಕೇಳಿ ಪಡೆಯಬೇಕು ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಮೊದಲು ಸಿದ್ಧ ಮಾಡಿಕೊಳ್ಳಬೇಕಾದವು

ನೀವು ಕೊಂಡ ಬಾಟಲಿಯ ಬ್ಯಾಚ್ ಸಂಖ್ಯೆಗೇ ಸೇರಿದ ಪ್ರಯೋಗಾಲಯ ವರದಿ, 0.01 ಗ್ರಾಂವರೆಗೆ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ, 10 ಮಿಲಿಲೀಟರಿನ ಗಾಜಿನ ಅಳತೆ ಫ್ಲಾಸ್ಕ್, ಒಂದು ಅಳತೆಯ ಗಾಜಿನ ನಳಿಕೆ, ಬಿಳಿ ಶೋಧಕ ಕಾಗದ ಮತ್ತು ಒಂದು ನೋಟ್‌ಪುಸ್ತಕ ಸಾಕು. ಪ್ಲಾಸ್ಟಿಕ್ ಸಿರಿಂಜನ್ನು ಅಳತೆಗೆ ಬಳಸಬೇಡಿ, ಏಕೆಂದರೆ ಲಿಮೊನೀನ್ ರಬ್ಬರನ್ನು ಉಬ್ಬಿಸುತ್ತದೆ. ಥರ್ಮೋಕೋಲ್ ತಟ್ಟೆಯ ಮೇಲೆ ಒಂದು ಹನಿ ಬಿದ್ದರೆ ಅಲ್ಲಿ ಗುಂಡಿಯೇ ಬೀಳುತ್ತದೆ. ಇದು ಕಲಬೆರಕೆಯ ಲಕ್ಷಣವಲ್ಲ, ಶುದ್ಧ ಎಣ್ಣೆಯೂ ಹೀಗೆಯೇ ಮಾಡುತ್ತದೆ.

ಮುಂದಕ್ಕೆ ಪದೇ ಪದೇ ಬರುವ ಕೆಲವು ಪದಗಳನ್ನು ಇಲ್ಲಿಯೇ ತಿಳಿದುಕೊಳ್ಳುವುದು ಒಳ್ಳೆಯದು. ಸಾರತೈಲ ಎಂದರೆ ಸಸ್ಯದ ಪರಿಮಳವನ್ನು ಹೊತ್ತ, ಗಾಳಿಗೆ ಆರಿಹೋಗುವ ಎಣ್ಣೆ. ಅಂಗಡಿಗಳಲ್ಲಿ ಇದನ್ನೇ ಎಸೆನ್ಷಿಯಲ್ ಆಯಿಲ್ ಎನ್ನುತ್ತಾರೆ. ಸಿಟ್ರಸ್ ಸಾರತೈಲದ ಬಹುಪಾಲು ಮೊನೊಟರ್ಪೀನ್ ಎಂಬ ಗುಂಪಿಗೆ ಸೇರಿದ್ದು. ಅಂದರೆ 10 ಇಂಗಾಲ ಮತ್ತು 16 ಜಲಜನಕ ಪರಮಾಣುಗಳಿಂದಾದ, ಆಮ್ಲಜನಕವಿಲ್ಲದ ಸಣ್ಣ ಅಣುಗಳು. ಲಿಮೊನೀನ್, ಪೈನೀನ್, ಮಿರ್ಸೀನ್, ಗಾಮಾ ಟರ್ಪಿನೀನ್ ಎಲ್ಲವೂ ಇದೇ ಕುಟುಂಬದವು. ಎರಡನೆಯದು ಆಮ್ಲಜನಕ ಸೇರಿದ ಅಣುಗಳ ಗುಂಪು: ಆಲ್ಡಿಹೈಡ್, ಆಲ್ಕೋಹಾಲ್, ಎಸ್ಟರ್, ಕೀಟೋನ್. ಇವು ಪ್ರಮಾಣದಲ್ಲಿ ಕಡಿಮೆ, ಪರಿಮಳದಲ್ಲಿ ಮುಂದು. ಮೂರನೆಯದು ಆರಿಹೋಗದೆ ಉಳಿಯುವ ಶೇಷ. ಅದರಲ್ಲಿ ಮೇಣ, ಬಣ್ಣ ಮತ್ತು ಕೂಮರಿನ್ ವರ್ಗದ ವಸ್ತುಗಳಿರುತ್ತವೆ.

ಹಂತ 1: ಯಾವ ಹಣ್ಣು, ಯಾವ ಭಾಗ, ಯಾವ ವಿಧಾನ ಎಂದು ಗುರುತಿಸಿ

ಹೆಚ್ಚಿನ ಗೊಂದಲ ಹುಟ್ಟುವುದು ಕನ್ನಡದ ಹೆಸರುಗಳಿಂದಲೇ. ನಾವು ಉಪ್ಪಿನಕಾಯಿಗೂ ಚಿತ್ರಾನ್ನಕ್ಕೂ ಬಳಸುವ, ವಿಜಯಪುರದ ಇಂಡಿ ಸೀಮೆಯಲ್ಲಿ ತೋಟಗಟ್ಟಲೆ ಬೆಳೆಯುವ ನಿಂಬೆ ಸಸ್ಯಶಾಸ್ತ್ರದಲ್ಲಿ ಸಿಟ್ರಸ್ ಔರಾಂಟಿಫೋಲಿಯಾ, ಅಂದರೆ ಲೈಮ್. ಲೆಮನ್ ಆಯಿಲ್ ಎಂದು ಮಾರಾಟವಾಗುವುದು ಸಿಟ್ರಸ್ ಲಿಮನ್ ಎಂಬ ಬೇರೆ ಹಣ್ಣಿನ ಎಣ್ಣೆ. ಅದರ ದೊಡ್ಡ ತೋಟಗಳಿರುವುದು ಅರ್ಜೆಂಟೀನಾ, ಸ್ಪೇನ್ ಮತ್ತು ಇಟಲಿಯ ಸಿಸಿಲಿಯಲ್ಲಿ. ಎರಡನ್ನೂ ನಿಂಬೆ ಎಣ್ಣೆ ಎಂದೇ ಕರೆದರೆ ವರದಿಯ ಯಾವ ಅಂಕಿಯೂ ತಾಳೆಯಾಗುವುದಿಲ್ಲ. ಕಿತ್ತಳೆಯ ಕಥೆಯೂ ಇದೇ. ಕೊಡಗಿನ ಕಿತ್ತಳೆ ಸಿಟ್ರಸ್ ರೆಟಿಕ್ಯುಲೇಟ, ಅಂದರೆ ಸುಲಭವಾಗಿ ಸಿಪ್ಪೆ ಬಿಡಿಸಬಹುದಾದ ಮ್ಯಾಂಡರಿನ್ ಜಾತಿ. ಬ್ರೆಜಿಲ್‌ನ ಹಣ್ಣಿನ ರಸದ ಕಾರ್ಖಾನೆಗಳಿಂದ ಉಪೋತ್ಪನ್ನವಾಗಿ ಹೊರಬಂದು ಜಗತ್ತಿಗೆಲ್ಲ ಹಂಚಿಕೆಯಾಗುವ ಆರೆಂಜ್ ಆಯಿಲ್ ಸಿಟ್ರಸ್ ಸೈನೆನ್ಸಿಸ್ ಎಂಬ ಸಿಹಿ ಕಿತ್ತಳೆಯದು. ಆದ್ದರಿಂದ ಲೇಬಲ್ಲಿನಲ್ಲಿ ಸಸ್ಯಶಾಸ್ತ್ರೀಯ ಹೆಸರು ಇಲ್ಲದಿದ್ದರೆ ಮೊದಲು ಅದನ್ನು ಕೇಳಿ ಬರೆಸಿಕೊಳ್ಳಿ.

ಎರಡನೆಯ ಪ್ರಶ್ನೆ ಗಿಡದ ಭಾಗದ್ದು. ಒಂದೇ ಹುಳಿ ಕಿತ್ತಳೆ ಗಿಡದ ಸಿಪ್ಪೆಯಿಂದ ಬಿಟರ್ ಆರೆಂಜ್ ಎಣ್ಣೆ, ಎಲೆ ಮತ್ತು ಎಳೆ ಕಡ್ಡಿಗಳಿಂದ ಪೆಟಿಟ್‌ಗ್ರೇನ್, ಹೂವಿನಿಂದ ನೆರೋಲಿ ಬರುತ್ತವೆ. ಸಿಪ್ಪೆಯ ಎಣ್ಣೆಯಲ್ಲಿ ಲಿಮೊನೀನ್ ಶೇ. 90 ದಾಟಿದರೆ, ಪೆಟಿಟ್‌ಗ್ರೇನ್‌ನ ಮುಖ್ಯ ಘಟಕ ಲಿನಲೈಲ್ ಅಸಿಟೇಟ್. ಈ ಲೇಖನದಲ್ಲಿ ಮುಂದೆ ಹೇಳುವುದೆಲ್ಲ ಸಿಪ್ಪೆಯ ಎಣ್ಣೆಗೆ ಮಾತ್ರ ಅನ್ವಯಿಸುತ್ತದೆ.

ಮೂರನೆಯದು ತೆಗೆದ ವಿಧಾನ. ಸಿಟ್ರಸ್ ಸಿಪ್ಪೆಯ ಬಣ್ಣದ ಹೊರಪದರದಲ್ಲಿ ಎಣ್ಣೆಯ ಚೀಲಗಳಿರುತ್ತವೆ. ಕಿತ್ತಳೆ ಸಿಪ್ಪೆಯನ್ನು ಮಡಚಿ ದೀಪದ ಮುಂದೆ ಒತ್ತಿದಾಗ ಕಿಡಿ ಹಾರುವುದು ಈ ಚೀಲಗಳು ಒಡೆದು ಚಿಮ್ಮಿದ ಎಣ್ಣೆಯಿಂದಲೇ. ಬಿಸಿ ಮಾಡದೆ ಈ ಚೀಲಗಳನ್ನು ಕೆರೆದು ಅಥವಾ ಹಿಂಡಿ ತೆಗೆದದ್ದು ಕೋಲ್ಡ್ ಪ್ರೆಸ್ಡ್, ಹಬೆಯಲ್ಲಿ ಭಟ್ಟಿ ಇಳಿಸಿದ್ದು ಡಿಸ್ಟಿಲ್ಡ್. ನಮ್ಮ ನಿಂಬೆಯ ಮಟ್ಟಿಗೆ ಈ ವ್ಯತ್ಯಾಸ ತೀರ ದೊಡ್ಡದು. ಹಣ್ಣನ್ನು ಜಜ್ಜಿ ರಸದ ಸಮೇತ ಭಟ್ಟಿಗೆ ಹಾಕಿದಾಗ ಹುಳಿ ಮತ್ತು ಶಾಖ ಎರಡೂ ಕೂಡಿ, ನಿಂಬೆಯ ವಾಸನೆ ಕೊಡುವ ಸಿಟ್ರಾಲನ್ನು ಬಹುಮಟ್ಟಿಗೆ ನಾಶ ಮಾಡುತ್ತವೆ. ಪೈನೀನ್‌ನಂಥ ಟರ್ಪೀನುಗಳು ಆಲ್ಫಾ ಟರ್ಪಿನಿಯೋಲ್, ಟರ್ಪಿನೋಲೀನ್, ಸಿನಿಯೋಲ್‌ಗಳಾಗಿ ಮಾರ್ಪಡುತ್ತವೆ. ಮೆಕ್ಸಿಕೋದ ಭಟ್ಟಿ ಲೈಮ್ ಎಣ್ಣೆಗೂ ಕೋಲಾ ಪಾನೀಯಗಳಿಗೂ ಇರುವ ಆ ವಿಶಿಷ್ಟ ವಾಸನೆ ಹುಟ್ಟುವುದು ಹೀಗೆ. ಹಸಿ ನಿಂಬೆಯ ವಾಸನೆ ಇಲ್ಲ ಎಂಬ ಕಾರಣಕ್ಕೆ ಇದನ್ನು ನಕಲಿ ಎಂದು ವಾಪಸ್ ಕಳಿಸಿದವರಿದ್ದಾರೆ. ಅದು ಭಟ್ಟಿಯ ಗುಣ, ಮಾರಿದವರ ತಪ್ಪಲ್ಲ.

ಹಂತ 2: ವರದಿಯ ತಲೆಬರಹವನ್ನು ಪರಿಶೀಲಿಸಿ

ಬ್ಯಾಚ್ ಸಂಖ್ಯೆ, ಪರೀಕ್ಷೆಯ ದಿನಾಂಕ, ಉಪಕರಣದ ಹೆಸರು ಈ ಮೂರೂ ಇರಬೇಕು. ಒಂದೇ ವರದಿಯನ್ನು ವರ್ಷಗಟ್ಟಲೆ ಎಲ್ಲ ಬ್ಯಾಚುಗಳಿಗೂ ಲಗತ್ತಿಸುವ ಅಭ್ಯಾಸ ವ್ಯಾಪಾರದಲ್ಲಿದೆ. ಅಂಥ ವರದಿಯನ್ನು ಓದುವುದು ಸಮಯ ವ್ಯರ್ಥ.

ಉಪಕರಣದ ಜಾಗದಲ್ಲಿ ಜಿಸಿ-ಎಫ್‌ಐಡಿ ಅಥವಾ ಜಿಸಿ-ಎಂಎಸ್ ಎಂದಿರುತ್ತದೆ. ಜಿಸಿ ಎಂದರೆ ಗ್ಯಾಸ್ ಕ್ರೊಮ್ಯಾಟೊಗ್ರಫಿ. ಎಣ್ಣೆಯನ್ನು ಆವಿ ಮಾಡಿ, ಹತ್ತಾರು ಮೀಟರ್ ಉದ್ದದ, ಕೂದಲಿನಷ್ಟು ಸಣ್ಣ ರಂಧ್ರದ ಕೊಳವೆಯ ಮೂಲಕ ಹಾಯಿಸಿದಾಗ ಬೇರೆ ಬೇರೆ ಅಣುಗಳು ಬೇರೆ ಬೇರೆ ಹೊತ್ತಿಗೆ ಹೊರಬೀಳುತ್ತವೆ. ಪ್ರತಿಯೊಂದೂ ಹೊರಬಿದ್ದಾಗ ನಕ್ಷೆಯಲ್ಲಿ ಒಂದು ಶಿಖರ ಮೂಡುತ್ತದೆ. ಎಫ್‌ಐಡಿ ಆ ಶಿಖರದ ಗಾತ್ರವನ್ನು ಅಳೆಯಲು ಸೂಕ್ತ, ಎಂಎಸ್ ಆ ಅಣು ಯಾವುದೆಂದು ಗುರುತಿಸಲು ಸೂಕ್ತ. ಒಳ್ಳೆಯ ಪ್ರಯೋಗಾಲಯಗಳು ಎರಡನ್ನೂ ಬಳಸುತ್ತವೆ.

ಇಲ್ಲಿ ಎರಡು ಕಡೆ ಎಡವುವ ಸಾಧ್ಯತೆ ಇದೆ. ಮೊನೊಟರ್ಪೀನುಗಳನ್ನು ಎಂಎಸ್ ಒಡೆದಾಗ ಬರುವ ಚೂರುಗಳು ಒಂದರಂತೆ ಇನ್ನೊಂದು ಇರುತ್ತವೆ. ಹೀಗಾಗಿ ಕಂಪ್ಯೂಟರಿನ ಸಂಗ್ರಹದೊಂದಿಗೆ ಹೋಲಿಸಿ ಕೊಟ್ಟ ಹೆಸರನ್ನಷ್ಟೇ ನಂಬಬಾರದು. ರಿಟೆನ್ಷನ್ ಇಂಡೆಕ್ಸ್ ಎಂಬ ಅಂಕಣವೂ ಇದೆಯೇ ನೋಡಿ. ಅಣು ಹೊರಬಂದ ಹೊತ್ತನ್ನು ಒಂದು ಸಾಮಾನ್ಯ ಅಳತೆಪಟ್ಟಿಗೆ ಇಳಿಸಿದ ಸಂಖ್ಯೆ ಅದು. ಧ್ರುವೀಯವಲ್ಲದ ಸಾಮಾನ್ಯ ಕೊಳವೆಯಲ್ಲಿ ಲಿಮೊನೀನ್ ಸುಮಾರು 1030ರಲ್ಲಿ, ಗಾಮಾ ಟರ್ಪಿನೀನ್ 1060ರ ಆಸುಪಾಸಿನಲ್ಲಿ, ಡೆಕನಾಲ್ 1200ರ ಹತ್ತಿರ ಬರಬೇಕು. ಎರಡನೆಯದಾಗಿ, ಅದೇ ಕೊಳವೆಯಲ್ಲಿ 1,8-ಸಿನಿಯೋಲ್ ಮತ್ತು ಬೀಟಾ ಫೆಲಾಂಡ್ರೀನ್ ಲಿಮೊನೀನ್‌ಗೆ ಅಂಟಿಕೊಂಡೇ ಹೊರಬರುತ್ತವೆ. ಲಿಮೊನೀನ್‌ನ ದೈತ್ಯ ಶಿಖರದಡಿ ಅವು ಮುಚ್ಚಿಹೋಗಿರಬಹುದು.

ಅಂಕಿಗಳ ಮೇಲೆ ಏರಿಯಾ ಪರ್ಸೆಂಟ್ ಎಂದಿದ್ದರೆ, ಅದು ಶಿಖರಗಳ ವಿಸ್ತೀರ್ಣದ ಪಾಲು. ಆವಿಯಾದ ವಸ್ತುಗಳನ್ನೇ 100 ಎಂದು ಹಿಡಿದು ಹಂಚಿದ ಲೆಕ್ಕ. ಆವಿಯಾಗದ ಶೇಷ ಆ ನೂರರಲ್ಲಿ ಸೇರಿಲ್ಲ ಎಂಬುದನ್ನು ನೆನಪಿಡಿ, ಹಂತ 6ರಲ್ಲಿ ಇದೇ ಮುಖ್ಯವಾಗುತ್ತದೆ.

ಹಂತ 3: ದೊಡ್ಡ ಅಂಕಿಗಳನ್ನು ಹಣ್ಣಿನೊಂದಿಗೆ ತಾಳೆ ನೋಡಿ

ಸಿಹಿ ಕಿತ್ತಳೆ: ಲಿಮೊನೀನ್ ಶೇ. 93ರಿಂದ 96, ಮಿರ್ಸೀನ್ ಸುಮಾರು ಶೇ. 2. ಗ್ರೇಪ್‌ಫ್ರೂಟ್: ಲಿಮೊನೀನ್ ಶೇ. 92ರಿಂದ 96. ಈ ಹಣ್ಣು ನಮ್ಮ ಚಕ್ಕೋತ ಅಲ್ಲ. ಚಕ್ಕೋತ ಮತ್ತು ಸಿಹಿ ಕಿತ್ತಳೆಯ ಸಂಕರದಿಂದ ಹುಟ್ಟಿದ್ದು. ಲೆಮನ್: ಲಿಮೊನೀನ್ ಶೇ. 60ರಿಂದ 70, ಬೀಟಾ ಪೈನೀನ್ ಶೇ. 10ರಿಂದ 16, ಗಾಮಾ ಟರ್ಪಿನೀನ್ ಶೇ. 8ರಿಂದ 10. ಇಟಲಿಯ ಮ್ಯಾಂಡರಿನ್: ಲಿಮೊನೀನ್ ಶೇ. 65ರಿಂದ 75, ಗಾಮಾ ಟರ್ಪಿನೀನ್ ಶೇ. 16ರಿಂದ 22. ಬರ್ಗಮಾಟ್, ಅಂದರೆ ಅರ್ಲ್ ಗ್ರೇ ಚಹಾಕ್ಕೆ ಪರಿಮಳ ಕೊಡುವ, ಇಟಲಿಯ ಕಲಾಬ್ರಿಯಾದ ಹಣ್ಣು: ಲಿಮೊನೀನ್ ಶೇ. 30ರಿಂದ 45, ಲಿನಲೈಲ್ ಅಸಿಟೇಟ್ ಶೇ. 22ರಿಂದ 36, ಲಿನಲೂಲ್ ಶೇ. 3ರಿಂದ 15.

ಈ ಅಂಕಿಗಳಿಗೆ ಹಿನ್ನೆಲೆಯಾಗಿ ಐಎಸ್‌ಒ ಮಾನದಂಡಗಳಿವೆ: ಸಿಹಿ ಕಿತ್ತಳೆಗೆ ಐಎಸ್‌ಒ 3140, ಲೆಮನ್‌ಗೆ 855, ಬರ್ಗಮಾಟ್‌ಗೆ 3520, ಇಟಲಿಯ ಮ್ಯಾಂಡರಿನ್‌ಗೆ 3528, ಗ್ರೇಪ್‌ಫ್ರೂಟ್‌ಗೆ 3053. ಮ್ಯಾಂಡರಿನ್ ಹೆಸರಿನ ಹಿಂದಿರುವ ಆ 'ಇಟಲಿಯ' ಎಂಬ ವಿಶೇಷಣವನ್ನು ಗಮನಿಸಿ. ಕೊಡಗಿನ ಕಿತ್ತಳೆಯ ಸಿಪ್ಪೆಯನ್ನೋ, ಹಿತ್ತಲಿನ ಹೇರಳೆಕಾಯಿಯನ್ನೋ, ಮಾದಳವನ್ನೋ ಭಟ್ಟಿ ಇಳಿಸಿ ಆ ಎಣ್ಣೆಯನ್ನು ಈ ಪಟ್ಟಿಗೆ ಹೋಲಿಸಿದರೆ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ತಳಿ ಬದಲಾದಂತೆ, ಕಾಯಿ ಹಣ್ಣಾದಂತೆ, ಮಣ್ಣು ಮತ್ತು ಹವೆ ಬದಲಾದಂತೆ ಸಂಯೋಜನೆಯೂ ಬದಲಾಗುತ್ತದೆ.

ಲಿಮೊನೀನ್ ಬಗ್ಗೆ ಶಾಲಾ ಪಾಠಗಳಿಂದ ಬಂದ ಒಂದು ತಪ್ಪು ಕಲ್ಪನೆಯನ್ನೂ ಇಲ್ಲಿಯೇ ಕಳೆದುಕೊಳ್ಳಬೇಕು. ಎಡಗೈ ಬಲಗೈಗಳಂತೆ ಕನ್ನಡಿ ಪ್ರತಿಬಿಂಬವಾಗಿರುವ ಎರಡು ಲಿಮೊನೀನ್‌ಗಳಿವೆ. ಒಂದಕ್ಕೆ ಕಿತ್ತಳೆಯ ವಾಸನೆ, ಇನ್ನೊಂದಕ್ಕೆ ನಿಂಬೆಯ ವಾಸನೆ ಎಂದು ಎಷ್ಟೋ ಕಡೆ ಬರೆದಿರುತ್ತಾರೆ. ಅದು ಸರಿಯಲ್ಲ. ಕಿತ್ತಳೆಯಲ್ಲೂ ಲೆಮನ್‌ನಲ್ಲೂ ಬಹುತೇಕ ಇರುವುದು ಬಲಬದಿಯ ಡಿ-ಲಿಮೊನೀನ್ ಒಂದೇ; ಎಡಬದಿಯದಕ್ಕೆ ಟರ್ಪೆಂಟೈನ್ ಕಡೆಗೆ ವಾಲುವ ವಾಸನೆ. ಲೆಮನ್‌ಗೆ ನಿಂಬೆಯ ವಾಸನೆ ಕೊಡುವುದು ಮುಖ್ಯವಾಗಿ ಸಿಟ್ರಾಲ್.

ಹಂತ 4: ಸಣ್ಣ ಅಂಕಿಗಳಲ್ಲಿ ಪರಿಮಳವನ್ನು ಹುಡುಕಿ

ವರದಿಯಲ್ಲಿ ಹೆಚ್ಚು ಹೊತ್ತು ಕಳೆಯಬೇಕಾದ ಜಾಗ ಇದು. ಶುದ್ಧ ಲಿಮೊನೀನನ್ನು ಮೂಸಿದರೆ ಮಂದವಾದ, ಅರೆಬರೆ ಹಣ್ಣಿನ ವಾಸನೆ ಬರುತ್ತದೆಯೇ ಹೊರತು ಕಿತ್ತಳೆ ಸುಲಿದ ಅನುಭವವಾಗುವುದಿಲ್ಲ. ಆ ಅನುಭವಕ್ಕೆ ಬೇಕಾದವು ಆಕ್ಟನಾಲ್ ಮತ್ತು ಡೆಕನಾಲ್ ಎಂಬ ಎರಡು ಆಲ್ಡಿಹೈಡ್‌ಗಳು ಮತ್ತು ಅವುಗಳ ಬೆನ್ನಿಗೆ ಸೈನೆನ್ಸಾಲ್. ಕಿತ್ತಳೆ ಎಣ್ಣೆಯಲ್ಲಿ ಆಕ್ಟನಾಲ್, ಡೆಕನಾಲ್‌ಗಳು ತಲಾ ಶೇ. 0.2ರಿಂದ 0.5ರ ಸುಮಾರಿಗೆ ಇರುತ್ತವೆ, ಸೈನೆನ್ಸಾಲ್ ಇನ್ನೂ ಕಡಿಮೆ. ದೊಡ್ಡ ಖರೀದಿದಾರರು ಕಿತ್ತಳೆ ಎಣ್ಣೆಯನ್ನು ತೂಗಿ ನೋಡುವುದು ಒಟ್ಟು ಆಲ್ಡಿಹೈಡ್ ಪ್ರಮಾಣದಿಂದ. ವರದಿಯಲ್ಲಿ ಲಿಮೊನೀನ್ ಶೇ. 97 ದಾಟಿ, ಡೆಕನಾಲ್ ಮತ್ತು ಲಿನಲೂಲ್ ಇಲ್ಲವೇ ಇಲ್ಲ ಎಂಬಂತಿದ್ದರೆ ನಿಮ್ಮ ಕೈಯಲ್ಲಿರುವುದು ಕಿತ್ತಳೆ ಎಣ್ಣೆಯ ಸಾರ ತೆಗೆದು ಉಳಿದ ಆರೆಂಜ್ ಟರ್ಪೀನ್ ಆಗಿರುವ ಸಂಭವ ಹೆಚ್ಚು. ಅದು ಜಿಡ್ಡು ತೊಳೆಯಲು ಒಳ್ಳೆಯದು, ಸುಗಂಧಕ್ಕೆ ದುಡ್ಡು ಕೊಟ್ಟು ಕೊಳ್ಳುವಂಥದ್ದಲ್ಲ.

ಲೆಮನ್‌ನಲ್ಲಿ ನೋಡಬೇಕಾದದ್ದು ನೆರಾಲ್ ಮತ್ತು ಜೆರಾನಿಯಲ್. ಇವೆರಡೂ ಸೇರಿದ್ದೇ ಸಿಟ್ರಾಲ್. ಒಟ್ಟು ಸಾಮಾನ್ಯವಾಗಿ ಶೇ. 2ರಿಂದ 4, ಅದರಲ್ಲಿ ಜೆರಾನಿಯಲ್ ಪಾಲು ಹೆಚ್ಚು. ಈ ಜಾಗದಲ್ಲಿ ಅಕ್ಷರ ತಪ್ಪಿ ಓದುವವರು ಬಹಳ: ಜೆರಾನಿಯಲ್ ಬೇರೆ, ಜೆರಾನಿಯೋಲ್ ಬೇರೆ. ಸಾಮಾನ್ಯವಾಗಿ ಹೆಸರು 'ಅಲ್' ಅಥವಾ 'ಆಲ್' ಎಂದು ಮುಗಿದರೆ ಆಲ್ಡಿಹೈಡ್, 'ಓಲ್' ಎಂದು ಮುಗಿದರೆ ಆಲ್ಕೋಹಾಲ್. ಜೆರಾನಿಯೋಲ್‌ಗೆ ಗುಲಾಬಿಯ ವಾಸನೆ, ಜೆರಾನಿಯಲ್‌ಗೆ ನಿಂಬೆಯ ವಾಸನೆ.

ಮ್ಯಾಂಡರಿನ್‌ನ ಗುರುತು ಮೀಥೈಲ್ ಎನ್-ಮೀಥೈಲ್ ಆಂತ್ರನಿಲೇಟ್ ಎಂಬ ಸಾರಜನಕವುಳ್ಳ ಎಸ್ಟರ್. ಇಟಲಿಯ ಎಣ್ಣೆಯಲ್ಲಿ ಇದು ಶೇ. 0.3ರಿಂದ 0.6ರಷ್ಟಿರುತ್ತದೆ. ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚನ್ನು ಕತ್ತಲೆಯಲ್ಲಿ ಬಾಟಲಿಯ ಮೇಲೆ ಹಾಯಿಸಿದರೆ ಎಣ್ಣೆ ನೀಲಿಯಾಗಿ ಹೊಳೆಯುವುದಕ್ಕೆ ಇದೇ ಕಾರಣ. ಆದರೆ ಹೊಳಪನ್ನು ನೋಡಿ ಶುದ್ಧ ಎಂದುಬಿಡಬೇಡಿ, ಇದೇ ವಸ್ತು ಕೃತಕವಾಗಿಯೂ ಸಿಗುತ್ತದೆ.

ಗ್ರೇಪ್‌ಫ್ರೂಟ್‌ನಲ್ಲಿ ನೂಟ್ಕಟೋನ್ ಎಂಬ ಕೀಟೋನ್ ಶೇ. 1ಕ್ಕೂ ಕಡಿಮೆ ಇರುತ್ತದೆ, ಬೆಲೆ ನಿರ್ಧರಿಸುವುದರಲ್ಲಿ ಅದರ ಪಾಲು ದೊಡ್ಡದು. ಅದಕ್ಕಿಂತಲೂ ಸೂಕ್ಷ್ಮವಾದದ್ದು ಗಂಧಕವಿರುವ ಮೆಂಥೀನ್ ಥಯೋಲ್. ಒಂದು ಲೀಟರ್ ನೀರಿನಲ್ಲಿ ಒಂದು ನ್ಯಾನೊಗ್ರಾಂಗಿಂತಲೂ, ಅಂದರೆ ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಬೆರೆತಿದ್ದರೂ ನಾಲಿಗೆ ಅದನ್ನು ಪತ್ತೆ ಹಚ್ಚುತ್ತದೆ. ಸಾಮಾನ್ಯ ಜಿಸಿ ವರದಿಯಲ್ಲಿ ಅದರ ಸುಳಿವೂ ಇರುವುದಿಲ್ಲ. ಹಾಗಾಗಿ ವರದಿ ಎಷ್ಟೇ ಚೆನ್ನಾಗಿದ್ದರೂ ಮೂಗಿನ ಪರೀಕ್ಷೆಯನ್ನು ಬಿಡುವಂತಿಲ್ಲ.

ಮೂಗಿನ ಪರೀಕ್ಷೆಗೆ ಶೋಧಕ ಕಾಗದದ ಪಟ್ಟಿಯ ತುದಿಗೆ ಒಂದು ಹನಿ ಹಾಕಿ, ಹೊತ್ತನ್ನು ಬರೆದಿಡಿ. ಮೊದಲ ಐದು ನಿಮಿಷ ಟರ್ಪೀನುಗಳ ಚುರುಕು ವಾಸನೆಯೇ ಮೇಲುಗೈ. ಅರ್ಧ ಗಂಟೆಯ ಹೊತ್ತಿಗೆ ಅದು ಹಾರಿಹೋಗಿ ಆಲ್ಡಿಹೈಡ್‌ಗಳ ಮೇಣದಂಥ, ಸಿಪ್ಪೆಯಂಥ ವಾಸನೆ ನಿಲ್ಲುತ್ತದೆ. ಕೋಲ್ಡ್ ಪ್ರೆಸ್ಡ್ ಎಣ್ಣೆಯಾಗಿದ್ದರೆ ಮರುದಿನ ಪಟ್ಟಿಯ ತುದಿಯಲ್ಲಿ ತೆಳು ಹಳದಿ ಕಲೆಯೂ, ಒಣ ಸಿಪ್ಪೆಯ ನಸು ವಾಸನೆಯೂ ಉಳಿದಿರುತ್ತವೆ. ಮರುದಿನವೂ ಘಮ್ಮೆಂದು ಸಿಹಿ ಪರಿಮಳ ಸೂಸುತ್ತಿದ್ದರೆ, ಆರದಂತೆ ಹಿಡಿದಿಡುವ ಬೇರೇನನ್ನೋ ಸೇರಿಸಿದ್ದಾರೆ ಎಂದು ಅನುಮಾನಿಸಿ.

ಹಂತ 5: ಇರಬಾರದ ವಸ್ತುಗಳ ಸುಳಿವು ಹಿಡಿಯಿರಿ

ದುಬಾರಿ ಎಣ್ಣೆಗೆ ಅಗ್ಗದ ಸೋದರನನ್ನು ಬೆರೆಸುವುದು ಈ ವ್ಯಾಪಾರದ ಹಳೆಯ ಚಾಳಿ. ಲೆಮನ್ ಎಣ್ಣೆಗೆ ಆರೆಂಜ್ ಟರ್ಪೀನ್ ಸುರಿದರೆ ಲಿಮೊನೀನ್ ಶೇ. 70ಕ್ಕಿಂತ ಮೇಲೆ ಹೋಗುತ್ತದೆ, ಬೀಟಾ ಪೈನೀನ್ ಮತ್ತು ಗಾಮಾ ಟರ್ಪಿನೀನ್ ಎರಡೂ ಒಟ್ಟಿಗೆ ಕುಸಿಯುತ್ತವೆ, ಸಿಟ್ರಾಲ್ ಕೂಡ ತೆಳುವಾಗುತ್ತದೆ. ಆ ಕೊರತೆಯನ್ನು ತುಂಬಲು ಮಜ್ಜಿಗೆ ಹುಲ್ಲಿನ ಎಣ್ಣೆಯಿಂದಲೋ, ಲಿಟ್ಸಿಯಾ ಕ್ಯೂಬೆಬಾ ಎಂಬ ಸಸ್ಯದ ಎಣ್ಣೆಯಿಂದಲೋ ಸಿಟ್ರಾಲ್ ಸೇರಿಸುತ್ತಾರೆ. ಮಜ್ಜಿಗೆ ಹುಲ್ಲಿನ ಎಣ್ಣೆಯಲ್ಲಿ ಸಿಟ್ರಾಲ್ ಶೇ. 70ರಿಂದ 85ರಷ್ಟಿರುವುದರಿಂದ ಸ್ವಲ್ಪವೇ ಸಾಕಾಗುತ್ತದೆ. ಆದ್ದರಿಂದ ಸಿಟ್ರಾಲ್ ಅಂಕಿ ಸರಿಯಿದ್ದು ಬೀಟಾ ಪೈನೀನ್ ಕಡಿಮೆಯಿದ್ದರೆ ಎಚ್ಚರವಾಗಿ.

ಇಂಥ ಕಡೆ ಬೆಳಕಿನ ತಿರುವಿನ ಅಂಕಿ ಬಹಳ ಉಪಯುಕ್ತ. ಧ್ರುವೀಕರಿಸಿದ ಬೆಳಕು ಎಣ್ಣೆಯ ಮೂಲಕ ಹಾಯುವಾಗ ಎಷ್ಟು ಡಿಗ್ರಿ ತಿರುಗುತ್ತದೆ ಎಂಬ ಅಳತೆ ಇದು. ವರದಿಯಲ್ಲಿ ಆಪ್ಟಿಕಲ್ ರೊಟೇಷನ್ ಎಂದಿರುತ್ತದೆ. ಸಿಹಿ ಕಿತ್ತಳೆ ಎಣ್ಣೆಯದು ಸುಮಾರು +94ರಿಂದ +99, ಲೆಮನ್‌ನದು +60ರ ಆಸುಪಾಸು. ಲೆಮನ್ ಎಣ್ಣೆ +75 ತೋರಿಸುತ್ತಿದ್ದರೆ ಕಿತ್ತಳೆಯ ಕಡೆಯಿಂದ ಏನೋ ಬಂದು ಸೇರಿದೆ.

ಬರ್ಗಮಾಟ್‌ನ ಕಲಬೆರಕೆ ಹೆಚ್ಚು ನಾಜೂಕಿನದು. ಕೃತಕ ಲಿನಲೂಲ್ ಮತ್ತು ಲಿನಲೈಲ್ ಅಸಿಟೇಟ್ ಅಗ್ಗವಾಗಿ ಸಿಗುವುದರಿಂದ ಅಂಕಿಗಳನ್ನು ಮಾನದಂಡದೊಳಗೇ ಕೂರಿಸಬಹುದು. ನಿಜವಾದ ಕೋಲ್ಡ್ ಪ್ರೆಸ್ಡ್ ಬರ್ಗಮಾಟ್‌ನಲ್ಲಿ ಈ ಎರಡೂ ಬಹುತೇಕ ಒಂದೇ ಕೈಯ ರೂಪದಲ್ಲಿರುತ್ತವೆ, ಕೃತಕದಲ್ಲಿ ಎರಡೂ ಕೈಗಳು ಸರಿಸಮ. ಇದನ್ನು ಕೈರಲ್ ಜಿಸಿ ಎಂಬ ವಿಶೇಷ ಪರೀಕ್ಷೆ ಮಾತ್ರ ತೋರಿಸುತ್ತದೆ. ಉತ್ತರ ಪ್ರದೇಶದ ಕನೌಜ್‌ನಲ್ಲಿರುವ ಸುಗಂಧ ಮತ್ತು ಸ್ವಾದ ಅಭಿವೃದ್ಧಿ ಕೇಂದ್ರ ಸಾರತೈಲಗಳನ್ನು ಪರೀಕ್ಷಿಸಿಕೊಡುತ್ತದೆ. ಲೀಟರ್‌ಗಟ್ಟಲೆ ಬರ್ಗಮಾಟ್ ಕೊಳ್ಳುವವರು ಅಂಥ ಕಡೆ ವಿಚಾರಿಸಿ ಮುಂದುವರಿಯುವುದು ಲೇಸು. ಹತ್ತು ಮಿಲಿಲೀಟರ್ ಕೊಳ್ಳುವವರಿಗೆ ಪರೀಕ್ಷೆಯ ಖರ್ಚೇ ಎಣ್ಣೆಯನ್ನು ಮೀರುತ್ತದೆ.

ಪಟ್ಟಿಯಲ್ಲಿ ಡೈಈಥೈಲ್ ಥ್ಯಾಲೇಟ್, ಡೈಪ್ರೊಪಿಲೀನ್ ಗ್ಲೈಕಾಲ್, ಟ್ರೈಈಥೈಲ್ ಸಿಟ್ರೇಟ್ ಎಂಬ ಹೆಸರುಗಳು ಕಂಡರೆ ಅವು ತೆಳುವು ಮಾಡಲು ಸೇರಿಸಿದ ದ್ರಾವಕಗಳು. ಕೊನೆಯದರಲ್ಲಿ ಸಿಟ್ರೇಟ್ ಎಂಬ ಪದವಿದೆ ಎಂದು ಹಣ್ಣಿನಿಂದಲೇ ಬಂದದ್ದು ಎಂದುಕೊಳ್ಳಬೇಡಿ. ಬಿಎಚ್‌ಟಿ ಅಲ್ಪ ಪ್ರಮಾಣದಲ್ಲಿದ್ದರೆ ಮಾತ್ರ ಗಾಬರಿ ಬೇಡ, ಅದು ಎಣ್ಣೆ ಕೆಡದಂತೆ ಬೆರೆಸುವ ಸಂರಕ್ಷಕ.

ಹಂತ 6: ವರದಿಯಲ್ಲಿ ಕಾಣದ್ದನ್ನು ಕೇಳಿ ಪಡೆಯಿರಿ

ನಿಂಬೆ ಹಿಂಡಿದ ಕೈಯನ್ನು ತೊಳೆಯದೆ ಬಿಸಿಲಿನಲ್ಲಿ ಕೆಲಸ ಮಾಡಿದವರಿಗೆ ಒಂದೆರಡು ದಿನದಲ್ಲಿ ಬೊಬ್ಬೆ, ಆಮೇಲೆ ವಾರಗಟ್ಟಲೆ ಮಾಸದ ಕಪ್ಪು ಕಲೆ ಮೂಡುವುದುಂಟು. ಇದಕ್ಕೆ ಕಾರಣ ಫ್ಯೂರಾನೊಕೂಮರಿನ್‌ಗಳು, ಅವುಗಳಲ್ಲಿ ಮುಖ್ಯವಾಗಿ ಬರ್ಗಾಪ್ಟೀನ್. ಇವು ಚರ್ಮದ ಮೇಲೆ ಇರುವಾಗ ಬಿಸಿಲಿನ ನೇರಳಾತೀತ ಕಿರಣ ಬಿದ್ದರೆ ಜೀವಕೋಶಗಳಿಗೆ ಹಾನಿಯಾಗುತ್ತದೆ. ಭಾರವಾದ ಅಣುಗಳಾದ್ದರಿಂದ ಇವು ಶೇಷದಲ್ಲಿ ಉಳಿಯುತ್ತವೆ, ಸಾಮಾನ್ಯ ಜಿಸಿ ಪಟ್ಟಿಯಲ್ಲಿ ಬರುವುದಿಲ್ಲ, ಭಟ್ಟಿ ಇಳಿಸಿದ ಎಣ್ಣೆಯಲ್ಲಿಯೂ ಬರುವುದಿಲ್ಲ. ಇವನ್ನು ಅಳೆಯಲು ದ್ರವ ಕ್ರೊಮ್ಯಾಟೊಗ್ರಫಿ, ಅಂದರೆ ಎಚ್‌ಪಿಎಲ್‌ಸಿ ಬೇಕು.

ಅಂತರರಾಷ್ಟ್ರೀಯ ಸುಗಂಧ ಸಂಘ, ಅಂದರೆ ಐಫ್ರಾ, ಬಿಸಿಲಿಗೆ ಒಡ್ಡುವ ಚರ್ಮದ ಮೇಲೆ ಹಚ್ಚಿ ಹಾಗೆಯೇ ಬಿಡುವ ಉತ್ಪನ್ನಗಳಿಗೆ ಮಿತಿ ಹಾಕಿದೆ. ಕೋಲ್ಡ್ ಪ್ರೆಸ್ಡ್ ಬರ್ಗಮಾಟ್‌ಗೆ ಶೇ. 0.4, ಲೈಮ್‌ಗೆ ಶೇ. 0.7, ಬಿಟರ್ ಆರೆಂಜ್‌ಗೆ ಶೇ. 1.25, ಲೆಮನ್‌ಗೆ ಶೇ. 2, ಗ್ರೇಪ್‌ಫ್ರೂಟ್‌ಗೆ ಶೇ. 4. ಸಿಹಿ ಕಿತ್ತಳೆ ಈ ಪಟ್ಟಿಯಲ್ಲಿಲ್ಲ. ಎರಡು ಎಣ್ಣೆ ಬೆರೆಸುವಾಗ ಪ್ರತಿಯೊಂದಕ್ಕೂ ಪೂರ್ಣ ಮಿತಿ ಸಿಗುತ್ತದೆ ಎಂದು ತಿಳಿಯುವುದೇ ಎಲ್ಲರೂ ಮಾಡುವ ತಪ್ಪು. ಲೆಕ್ಕ ಹೀಗೆ: 100 ಗ್ರಾಂ ಮೈ ಎಣ್ಣೆಗೆ 0.2 ಗ್ರಾಂ ಬರ್ಗಮಾಟ್ ಹಾಕಿದರೆ ಅದರ ಮಿತಿಯ ಅರ್ಧ ಮುಗಿಯಿತು. ಲೆಮನ್‌ಗೆ ಉಳಿದದ್ದು ಅದರ ಮಿತಿಯ ಅರ್ಧ, ಅಂದರೆ 1 ಗ್ರಾಂ ಮಾತ್ರ. ಹನಿಗಳಲ್ಲಿ ಎಣಿಸಬೇಡಿ, ಡ್ರಾಪರ್ ಬದಲಾದರೆ ಹನಿಯ ತೂಕವೂ ಬದಲಾಗುತ್ತದೆ.

ಬರ್ಗಮಾಟ್ ಇಷ್ಟವಿದ್ದೂ ಈ ಲೆಕ್ಕ ಬೇಡವೆನ್ನುವವರು ಎಫ್‌ಸಿಎಫ್ ಎಂದು ಗುರುತಿಸಿದ, ಫ್ಯೂರಾನೊಕೂಮರಿನ್ ತೆಗೆದ ಎಣ್ಣೆಯನ್ನು ಕೊಳ್ಳಬಹುದು.

ಹಂತ 7: ಮನೆಯಲ್ಲಿಯೇ ಮೂರು ಪರೀಕ್ಷೆ

ತೂಕ: ಒಣಗಿದ ಫ್ಲಾಸ್ಕನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ಮೊದಲು ಗೆರೆಯವರೆಗೆ ಶುದ್ಧ ನೀರು ತುಂಬಿ ತೂಗಿ. 25 ಡಿಗ್ರಿಯಲ್ಲಿ 9.97 ಗ್ರಾಂ ಹತ್ತಿರ ಬಂದರೆ ತಕ್ಕಡಿ ಮತ್ತು ಫ್ಲಾಸ್ಕ್ ಸರಿಯಿವೆ. ನಂತರ ಪೂರ್ತಿ ಒಣಗಿಸಿ ಎಣ್ಣೆ ತುಂಬಿ. ಕಿತ್ತಳೆ ಎಣ್ಣೆ ಸುಮಾರು 8.4 ಗ್ರಾಂ, ಲೆಮನ್ ಸುಮಾರು 8.5 ಗ್ರಾಂ ತೂಗಬೇಕು. ಸೂರ್ಯಕಾಂತಿ ಎಣ್ಣೆ 9.2 ಗ್ರಾಂ ತೂಗುವುದರಿಂದ ಹತ್ತರಲ್ಲಿ ಒಂದು ಭಾಗ ಅದನ್ನು ಬೆರೆಸಿದ್ದರೂ ತಕ್ಕಡಿ 0.08 ಗ್ರಾಂ ಹೆಚ್ಚು ತೋರಿಸುತ್ತದೆ. ಆದರೆ ಶುದ್ಧ ಲಿಮೊನೀನ್ ಕೂಡ 8.4 ಗ್ರಾಂ ಆಸುಪಾಸಿನಲ್ಲೇ ತೂಗುವುದರಿಂದ ಆರೆಂಜ್ ಟರ್ಪೀನ್‌ನ ಮೋಸ ಈ ಪರೀಕ್ಷೆಗೆ ಸಿಕ್ಕಿಬೀಳುವುದಿಲ್ಲ.

ನೀರು: ಅಳತೆಯ ನಳಿಕೆಯಲ್ಲಿ 5 ಮಿಲಿಲೀಟರ್ ಎಣ್ಣೆ, 5 ಮಿಲಿಲೀಟರ್ ನೀರು ಹಾಕಿ ಕುಲುಕಿ, ಪದರಗಳು ಬೇರೆಯಾಗುವವರೆಗೆ ಬಿಡಿ. ಎಣ್ಣೆಯ ಪದರ 5ಕ್ಕಿಂತ ಎದ್ದು ಕಾಣುವಷ್ಟು ಕುಗ್ಗಿದ್ದರೆ ನೀರಿನಲ್ಲಿ ಕರಗುವ ಆಲ್ಕೋಹಾಲೋ ಗ್ಲೈಕಾಲೋ ಇತ್ತೆಂದು ಅರ್ಥ.

ಕಾಗದ: ಒಂದು ಹನಿ ಸಾರತೈಲ, ಪಕ್ಕದಲ್ಲಿ ಒಂದು ಹನಿ ಅಡುಗೆ ಎಣ್ಣೆ ಹಾಕಿ ಒಂದು ದಿನ ಬಿಡಿ. ಅಡುಗೆ ಎಣ್ಣೆಯ ಜಾಗ ಬೆಳಕಿಗೆ ಹಿಡಿದರೆ ಪಾರದರ್ಶಕವಾಗಿ ಕಾಣುತ್ತದೆ. ಕೋಲ್ಡ್ ಪ್ರೆಸ್ಡ್ ಎಣ್ಣೆ ಉಳಿಸುವ ಹಳದಿ ಕಲೆ ಮೇಣ ಮತ್ತು ಬಣ್ಣದ್ದು, ಅದು ಹಾಗೆ ಜಿಡ್ಡಾಗಿ ಹರಡುವುದಿಲ್ಲ. ಕಲೆಯೇ ಇರಬಾರದು ಎಂಬ ಪ್ರಚಲಿತ ಸಲಹೆಯನ್ನು ಸಿಟ್ರಸ್ ಎಣ್ಣೆಗೆ ಅನ್ವಯಿಸಿದರೆ ಒಳ್ಳೆಯ ಎಣ್ಣೆಯನ್ನೇ ತಿರಸ್ಕರಿಸಿದಂತಾಗುತ್ತದೆ.

ಹಂತ 8: ಕೆಡುವುದನ್ನು ಗುರುತಿಸಿ, ಸರಿಯಾಗಿ ಇಡಿ

ಸಿಟ್ರಸ್ ಎಣ್ಣೆಗಳು ಸಾರತೈಲಗಳಲ್ಲಿಯೇ ಬೇಗ ಕೆಡುವಂಥವು. ಗಾಳಿಯ ಆಮ್ಲಜನಕದೊಂದಿಗೆ ಸೇರಿ ಲಿಮೊನೀನ್ ಮೊದಲು ಹೈಡ್ರೊಪೆರಾಕ್ಸೈಡ್ ಆಗುತ್ತದೆ, ಬಳಿಕ ಕಾರ್ವೋನ್, ಕಾರ್ವಿಯೋಲ್, ಲಿಮೊನೀನ್ ಆಕ್ಸೈಡ್‌ಗಳಾಗುತ್ತದೆ. ಗಾಮಾ ಟರ್ಪಿನೀನ್ ಜಲಜನಕ ಕಳೆದುಕೊಂಡು ಪ್ಯಾರಾ ಸೈಮೀನ್ ಆಗುತ್ತದೆ. ಆದ್ದರಿಂದ ಲೆಮನ್ ಎಣ್ಣೆಯ ವರದಿಯಲ್ಲಿ ಪ್ಯಾರಾ ಸೈಮೀನ್ ಹೆಚ್ಚಿದ್ದಷ್ಟೂ ಎಣ್ಣೆ ಹಳೆಯದು ಅಥವಾ ಸರಿಯಾಗಿ ಇಡದ್ದು. ಮೂಗಿಗೆ ಟರ್ಪೆಂಟೈನ್‌ನಂಥ, ಸಬ್ಬಸಿಗೆ ಬೀಜದಂಥ ವಾಸನೆ ಬಂದರೆ ಅದು ಉತ್ಕರ್ಷಣೆಯ ಲಕ್ಷಣ. ಸಬ್ಬಸಿಗೆ ಬೀಜದ ವಾಸನೆಯ ಮೂಲವೂ ಕಾರ್ವೋನೇ.

ಹಳೆಯ ಎಣ್ಣೆಯಿಂದ ಪರಿಮಳ ಕಡಿಮೆಯಾಗುವುದು ಮಾತ್ರವಲ್ಲ, ಚರ್ಮಕ್ಕೆ ಅಲರ್ಜಿ ತರುವುದು ಮುಖ್ಯವಾಗಿ ಈ ಹೈಡ್ರೊಪೆರಾಕ್ಸೈಡ್‌ಗಳೇ. ಲಿಮೊನೀನ್ ಹೆಚ್ಚಿರುವ ಎಣ್ಣೆಗಳಲ್ಲಿ ಪೆರಾಕ್ಸೈಡ್ ಪ್ರಮಾಣ ಲೀಟರಿಗೆ 20 ಮಿಲಿಮೋಲ್‌ಗಿಂತ ಕಡಿಮೆ ಇರಬೇಕೆಂದು ಐಫ್ರಾ ಹೇಳುತ್ತದೆ. ಮೈಗೆ ಹಚ್ಚುವ ಉತ್ಪನ್ನ ಮಾರುವವರು ಪೆರಾಕ್ಸೈಡ್ ಮೌಲ್ಯವನ್ನು ಸರಬರಾಜುದಾರರಿಂದ ಬರಹದಲ್ಲಿ ಕೇಳಬೇಕು.

ಇಡುವ ಕ್ರಮ ಸರಳ. ಕಂದು ಗಾಜಿನ ಬಾಟಲಿ, ಬಿಗಿ ಮುಚ್ಚಳ, ಫ್ರಿಜ್‌ನ ತಂಪು. ರಬ್ಬರ್ ಬುರುಡೆಯ ಡ್ರಾಪರನ್ನು ಬಾಟಲಿಯ ಮೇಲೆಯೇ ಬಿಡಬೇಡಿ. ಕೆಲವು ವಾರಗಳಲ್ಲಿ ಅದು ಅಂಟಾಗಿ ಎಣ್ಣೆಗೇ ಇಳಿಯುತ್ತದೆ. ಅರ್ಧ ಖಾಲಿಯಾದ ದೊಡ್ಡ ಬಾಟಲಿಯಲ್ಲಿ ಅರ್ಧ ಗಾಳಿ ತುಂಬಿರುತ್ತದೆ, ಹಾಗಾಗಿ ಉಳಿದದ್ದನ್ನು ಕಂಠದವರೆಗೆ ತುಂಬುವಂಥ ಸಣ್ಣ ಬಾಟಲಿಗೆ ಬಗ್ಗಿಸಿ. ಫ್ರಿಜ್‌ನಲ್ಲಿ ತಳಕ್ಕೆ ಮಬ್ಬು ಕೂತರೆ ಅದು ಸಿಪ್ಪೆಯ ಮೇಣ, ಕೆಟ್ಟದ್ದಲ್ಲ. ಮೇಲಿನ ತಿಳಿಯನ್ನು ಬಳಸಬಹುದು. ಲಿಮೊನೀನ್ ಸುಮಾರು 48 ಡಿಗ್ರಿಯಲ್ಲಿಯೇ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಕಾಯಿಸಿದ ಮೇಣಕ್ಕೆ ಬೆರೆಸುವಾಗ ಹತ್ತಿರದಲ್ಲಿ ಒಲೆ ಉರಿಯುತ್ತಿರಬಾರದು.

ಸಾಬೂನು ಮಾಡುವವರಿಗೆ ಇನ್ನೊಂದು ಮಾತು. ಕಾಸ್ಟಿಕ್ ಸೋಡಾದ ಕ್ಷಾರದಲ್ಲಿ ಆಲ್ಡಿಹೈಡ್‌ಗಳು ಕೆಡುತ್ತವೆ, ಬರ್ಗಮಾಟ್‌ನ ಎಸ್ಟರ್ ಒಡೆಯುತ್ತದೆ, ಲಿಮೊನೀನ್ ತಾನಾಗಿ ಹಾರಿಹೋಗುತ್ತದೆ. ಸಾಬೂನು ಒಣಗಿ ಗಟ್ಟಿಯಾಗುವ ನಾಲ್ಕು ವಾರದಲ್ಲಿ ಕಿತ್ತಳೆಯ ಪರಿಮಳ ಮಾಯವಾಗುವುದು ಎಣ್ಣೆ ನಕಲಿ ಎಂಬ ಕಾರಣಕ್ಕಲ್ಲ. ಇಂಥ ಕೆಲಸಕ್ಕೆ ಫೈವ್ ಫೋಲ್ಡ್, ಟೆನ್ ಫೋಲ್ಡ್ ಎಂದು ಮಾರುವ, ಟರ್ಪೀನಿನ ಒಂದು ಪಾಲನ್ನು ತೆಗೆದು ಗಟ್ಟಿಗೊಳಿಸಿದ ಎಣ್ಣೆ ಹೆಚ್ಚು ಬಾಳುತ್ತದೆ. ಅದರ ವರದಿಯಲ್ಲಿ ಲಿಮೊನೀನ್ ಕಡಿಮೆ, ಡೆಕನಾಲ್ ಮತ್ತು ಲಿನಲೂಲ್ ಹೆಚ್ಚು ಕಾಣುತ್ತವೆ. ಹಂತ 3ರ ಪಟ್ಟಿಗೆ ಅದನ್ನು ಹೋಲಿಸಬೇಡಿ.

ಬಾಟಲಿ ತೆರೆದ ದಿನಾಂಕವನ್ನು ಲೇಬಲ್ಲಿನ ಮೇಲೆಯೇ ಬರೆಯಿರಿ, ಆ ದಿನ ತೂಗಿದ ಫ್ಲಾಸ್ಕಿನ ತೂಕವನ್ನು ನೋಟ್‌ಪುಸ್ತಕದಲ್ಲಿ ದಾಖಲಿಸಿ. ಒಂದು ವರ್ಷದೊಳಗೆ ಮುಗಿಯದೆ ಉಳಿದ ಎಣ್ಣೆಯನ್ನು ಮೈಗೆ ಹಚ್ಚುವ ಪದಾರ್ಥಗಳಿಗೆ ಸೇರಿಸದೆ, ಡಬ್ಬಿಗಳ ಮೇಲಿನ ಅಂಟು ಲೇಬಲ್ ಬಿಡಿಸಲು ಬಳಸಿಕೊಳ್ಳಿ. ಆಗಲೂ ಕೈಗವಸು ಹಾಕಿಕೊಳ್ಳಿ.